ಅವ್ವ ಸಾರಿಸುತ್ತಿದ್ದ ಶಾಲೆ

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹೇಳಿಕೊಳ್ಳುವುದಕ್ಕೆ ನಾಚಿಕೆಯೇನಿಲ್ಲ. ಜಯನಗರದಲ್ಲಿ ಒಂದೊಂದೇ ಬ್ಲಾಕು ಏಳುತ್ತಿದ್ದ ಕಾಲದಲ್ಲಿ ಅಲ್ಲಿನ ಎಷ್ಟೋ ಮನೆಗಳಿಗೆ ಕೆಂಪು ನೆಲ ಹಾಕಿದ ಕೈ ಇದು. ಈಗಲೂ ಆ ರಸ್ತೆಗಳಲ್ಲಿ ಹಳೇ ಮನೆಯೊಂದರ ಬಾಗಿಲು ತೆರೆದಿದ್ದರೆ ನನ್ನ ಕಣ್ಣು ಮೊದಲು ಹೋಗುವುದು ಕೆಳಕ್ಕೆ. ನನ್ನ ನೆಲವೋ ಬೇರೆಯವರದ್ದೋ ಅಂತ ಗೇಟಿನಲ್ಲಿ ನಿಂತೇ ಹೇಳಬಲ್ಲೆ. ಮನೆ ಕಟ್ಟಿಸುತ್ತಿದ್ದವರೆಲ್ಲ ಓದಿದ ಜನ, ಬಸವನಗುಡಿ ಕಡೆಯ ನೌಕರಿಯವರು. ಕೆಲಸಕ್ಕೆ ಕರೆಯುವಾಗ 'ಏನಯ್ಯಾ' ಅನ್ನುತ್ತಿದ್ದವರು, ನೆಲಕ್ಕೆ ಎಣ್ಣೆ ಹಾಕಿ ಉಜ್ಜಿದ ಮೇಲೆ ಅದರಲ್ಲಿ ತಮ್ಮ ಮುಖ ಕಂಡು 'ಬನ್ನಿ, ಕಾಫಿ ತಗೊಳ್ಳಿ' ಅನ್ನುತ್ತಿದ್ದರು. ಆ 'ಬನ್ನಿ' ನನಗೆ ಯಾರೂ ಪುಕ್ಕಟೆ ಕೊಟ್ಟಿದ್ದಲ್ಲ. ಬೆನ್ನು ಬಗ್ಗಿಸಿ ಪಡೆದದ್ದು.

ಅಷ್ಟು ನೆಲಗಳಲ್ಲಿ ಒಂದಕ್ಕೆ ಮಾತ್ರ ಕೂಲಿ ತಗೊಳ್ಳಲಿಲ್ಲ. ನಮ್ಮೂರ ಶಾಲೆಯದು. ಅದರ ವಿಷಯ ಇದುವರೆಗೆ ಯಾರ ಹತ್ತಿರವೂ ಪೂರ್ತಿ ಹೇಳಿಲ್ಲ.

ನಮ್ಮೂರು ಇಟ್ಟಮಡುವಿನ ಪಕ್ಕದ್ದು. ಆಗ ಆ ಕಡೆಯೆಲ್ಲ ರಾಗಿ ಹೊಲ, ನಡುನಡುವೆ ಅವರೆ ಸಾಲು, ಅಲ್ಲಲ್ಲಿ ಬಂಡೆ. ಹೊಲ ಇದ್ದವರಿಗೆ ಇತ್ತು, ನಮಗಿರಲಿಲ್ಲ. ಅಪ್ಪ ಬಂಡೆ ಒಡೆಯುವುದಕ್ಕೆ ಹೋಗುತ್ತಿದ್ದ. ಅವ್ವ ಹೊಲವಂತರ ಮನೆಗಳಲ್ಲಿ ಕೊಟ್ಟಿಗೆ ಬಾಚಿ, ನೆಲ ಸಾರಿಸುತ್ತಿದ್ದಳು. ಅವಳ ಅಂಗೈ ಗೆರೆಗಳಲ್ಲಿ ಸಗಣಿಯ ಹಸಿರು ಕೂತುಬಿಟ್ಟಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಊಟಕ್ಕೆ ಮುದ್ದೆ ಕಟ್ಟಿ ಕೊಡುವಾಗ ಆ ಕೈ ನೋಡಿ ನಾನು ಒಮ್ಮೆ ಮುಖ ತಿರುಗಿಸಿದ್ದೆ. ಅವಳು ನೋಡಿದಳು. ಆವತ್ತಿನಿಂದ ಮುದ್ದೆಯನ್ನು ಕೋಲಿನಲ್ಲೇ ತಟ್ಟೆಗೆ ಜಾರಿಸುತ್ತಿದ್ದಳು.

ಶಾಲೆ ಅಂದರೆ ಒಂದೇ ಕೋಣೆ. ನಾಡಹೆಂಚು, ಮಣ್ಣಿನ ನೆಲ, ಮುಂದೊಂದು ಅಂಗಳ, ಅಂಗಳದಲ್ಲಿ ಹೊಂಗೆ ಮರ. ಮೇಷ್ಟ್ರು ಒಬ್ಬರೇ. ಬಸವನಗುಡಿಯಿಂದ ದಿನಾ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ನನಗೆ ಸ್ಲೇಟು ಕೊಡಿಸಿದ್ದು ಅವರು. ಮಧ್ಯಾಹ್ನ ಬಾಕಿ ಮಕ್ಕಳು ಮನೆಗೆ ಉಣ್ಣಲು ಓಡಿದರೆ ನಾನು ಮರದ ಕೆಳಗೆ ಕೂತಿರುತ್ತಿದ್ದೆ. ಅವರು ತಮ್ಮ ಡಬ್ಬಿಯ ಮುಚ್ಚಳಕ್ಕೆ ಅರ್ಧ ಅನ್ನ ಹಾಕಿ ನನ್ನ ಮುಂದೆ ಇಟ್ಟು ಹೋಗುತ್ತಿದ್ದರು.

ಶನಿವಾರ ಶಾಲೆ ಮಧ್ಯಾಹ್ನಕ್ಕೆ ಬಿಡುತ್ತಿತ್ತು. ಆಮೇಲೆ ಅವ್ವ ಸಗಣಿ ಬುಟ್ಟಿ ಹೊತ್ತು ಅಲ್ಲಿಗೆ ಬರುತ್ತಿದ್ದಳು. ಒಳಗಿನ ಗೋಡೆಯ ಮೂಲೆಯಲ್ಲಿ ಶುರುಮಾಡಿ, ಮಂಡಿಯ ಮೇಲೆ ಕೂತು, ಕೈಯನ್ನು ಅರ್ಧ ಚಂದ್ರ ತಿರುಗಿಸುತ್ತಾ ಹಿಂದಹಿಂದಕ್ಕೆ ಸರಿದು ಬಾಗಿಲಿಗೆ ಬಂದು ಮುಗಿಸುತ್ತಿದ್ದಳು. ಆಮೇಲೆ ಅಂಗಳ. ಕೊನೆಗೆ ಹೊಸ್ತಿಲ ಮುಂದೆ ಒಂದು ರಂಗೋಲಿ. ಸೋಮವಾರ ನಾವು ಕೂತರೆ ನೆಲ ತಣ್ಣಗೆ, ಒಂದು ಥರ ಹುಲ್ಲಿನ ವಾಸನೆ. ಹೊಲವಂತರ ಹುಡುಗರಿಗೆ ಅದೊಂದು ಆಟ. 'ಇವನವ್ವ ಸಾರಿಸಿದ ನೆಲ ಕಣ್ರಲಾ, ಇವನಿಗೆ ಬಾಡಿಗೆ ಕೊಡ್ಬೇಕು' ಅನ್ನುತ್ತಿದ್ದರು. ಹೊಡೆದಾಡಿದ್ದೇನೆ. ಶಾಲೆಯವರು ಅವಳಿಗೆ ಕೂಲಿ ಕೊಡುತ್ತಾರೆ, ಅದಕ್ಕೇ ಮಾಡುತ್ತಾಳೆ ಅಂತ ನಾನು ತಿಳಿದಿದ್ದೆ. ನನ್ನ ಕಣ್ಣೆದುರಿಗೆ, ನಾನು ಓದುವ ಜಾಗದಲ್ಲೇ ಕೂಲಿಗೆ ಬರಬೇಕಾ ಅಂತ ಅವಳ ಮೇಲೆ ಸಿಟ್ಟು.

ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪ ಜ್ವರ ಬಂದು ಹೋದ. ಹದಿನೈದು ದಿನ ಆದಮೇಲೆ ನಾನು ಶಾಲೆ ಬಿಟ್ಟೆ. ಮೇಷ್ಟ್ರು ಮನೆಗೆ ಬಂದು, ಊಟ ನಾನು ನೋಡಿಕೊಳ್ಳುತ್ತೇನೆ ಕಳಿಸಮ್ಮ ಅಂತ ಅವ್ವನಿಗೆ ಹೇಳಿದರು. ಅವ್ವ ಬೇಡ ಅಂದಳು. ಒಂದು ಹೊಟ್ಟೆಯದ್ದಾದರೆ ಸರಿ, ಎರಡರದ್ದು ನಿಮಗೆ ಹೇಗೆ ಹೊರಿಸಲಿ ಅಂದಳಂತೆ.

ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡವನು ನೆಲ ಹಾಕುವ ಒಬ್ಬ ಗಾರೆ ಮುದುಕ. ಅರ್ಧ ತಮಿಳು ಅರ್ಧ ಕನ್ನಡ ಮಾತಾಡುತ್ತಿದ್ದ, ಹೊಗಳಿಕೆ ಮಾತ್ರ ಯಾವ ಭಾಷೆಯಲ್ಲೂ ಬರುತ್ತಿರಲಿಲ್ಲ. ಬನಶಂಕರಿ ಗುಡಿ ಮುಂದಿನಿಂದ ಹಾದು ಜಯನಗರಕ್ಕೆ ದಿನಾ ನಡೆದು ಹೋಗಿ ನಡೆದು ಬರುತ್ತಿದ್ದೆ. ಮೊದಲ ಎರಡು ವರ್ಷ ಜಲ್ಲಿ ಹೊತ್ತೆ, ಸುಣ್ಣ ಕಲಸಿದೆ. ಆಮೇಲೆ ಕರಣೆ ಹಿಡಿಯಲು ಕೊಟ್ಟ. ಕೆಂಪು ನೆಲದ ಗುಟ್ಟು ಇಷ್ಟೇ: ಸಿಮೆಂಟಿಗೆ ಕೆಂಪು ಪುಡಿ ಒಂದೇ ಹದದಲ್ಲಿ ಬೆರೆಯಬೇಕು, ಹಾಕಿದ ಪದರ ಒದ್ದೆ ಇರುವಾಗಲೇ ಕರಣೆಯಲ್ಲಿ ತೀಡಿ ತೀಡಿ ನುಣುಪು ತರಬೇಕು, ಆಮೇಲೆ ಸುತ್ತ ಮಣ್ಣಿನ ಬದು ಹಾಕಿ ಏಳು ದಿನ ನೀರು ನಿಲ್ಲಿಸಬೇಕು. ನೀರು ತೆಗೆದ ಮೇಲೂ ಎಣ್ಣೆ ಹಾಕಿ ಉಜ್ಜುವ ತನಕ ಆ ನೆಲ ಹಸುಗೂಸು. ಏನು ಬಿದ್ದರೂ ಕುಡಿದುಬಿಡುತ್ತದೆ. ಕಲೆ ಮತ್ತೆ ಬಿಡುವುದಿಲ್ಲ. 'ಹಿಂದಕ್ಕೆ ನಡಿಯಕ್ಕೆ ಬರದೋನು ನೆಲ ಹಾಕಬಾರದು' ಅಂತ ಮುದುಕ ಬೈಯುತ್ತಿದ್ದ. ಮೂಲೆಯಿಂದ ಶುರುಮಾಡಿ ಬಾಗಿಲಿಗೆ ಬಂದು ಮುಗಿಸುವುದು ನನಗೆ ಒಂದೇ ದಿನಕ್ಕೆ ಬಂತು. ಇದನ್ನ ಎಲ್ಲೋ ಕಲಿತು ಬಂದಿದೀಯ ಅಂದ. ಇಲ್ಲ, ನಿನ್ನಿಂದಲೇ ಅಂದೆ.

ಅವ್ವ ಹೊಲವಂತರ ಮನೆಗಳನ್ನು ಒಂದೊಂದಾಗಿ ಬಿಟ್ಟಳು. ನಾನೇ ಬಿಡಿಸಿದೆ. ನನ್ನ ದುಡಿಮೆ ಇಬ್ಬರಿಗೆ ಸಾಕಾಗುತ್ತಿತ್ತು. ಶಾಲೆ ಒಂದನ್ನು ಮಾತ್ರ ಬಿಡಲಿಲ್ಲ. ಮಂಡಿ ಊದಿಕೊಂಡು, ಏಳುವಾಗ ಗೋಡೆ ಹಿಡಿದು ಏಳುತ್ತಿದ್ದಳು. ಆದರೂ ಶನಿವಾರ ಬಂತು ಅಂದರೆ ಬುಟ್ಟಿ ತಲೆಗೇರುತ್ತಿತ್ತು. ಶಾಲೆಯ ಬೀಗದ ಕೈ ಅವಳ ಸೆರಗಿನ ಗಂಟಿನಲ್ಲೇ ಇರುತ್ತಿತ್ತು. ನಾಲ್ಕು ಜನ ನನ್ನನ್ನು ಮೇಸ್ತ್ರಿ ಅನ್ನಲು ಶುರುಮಾಡಿದ್ದ ಕಾಲ. ಬಾವಿ ಹತ್ತಿರ ಹೆಂಗಸರು, ಮೇಸ್ತ್ರಿ ಅವ್ವ ಬಂದ್ಲು ಜಾಗ ಬಿಡ್ರೇ, ಸಗಣಿ ಕೈ ತೊಳ್ಕೊಬೇಕಂತೆ, ಅಂತ ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು.

ಅವತ್ತೇ ತೀರ್ಮಾನ ಮಾಡಿದೆ. ಸಾರಿಸುವ ನೆಲವೇ ಇಲ್ಲದಿದ್ದರೆ ಇವಳು ಯಾತಕ್ಕೆ ಹೋಗುತ್ತಾಳೆ? ಶಾಲೆಗೆ ಕೆಂಪು ನೆಲ ಹಾಕಿಕೊಡುತ್ತೇನೆ. ನನಗೆ ಅಕ್ಷರ ಕೊಟ್ಟ ಜಾಗಕ್ಕೆ ನಾನು ತಿರುಗಿ ಕೊಟ್ಟ ಹಾಗೂ ಆಯಿತು, ಅವ್ವನ ಮಂಡಿ ನೆಲದಿಂದ ಎದ್ದ ಹಾಗೂ ಆಯಿತು. ಊರಿನವರೂ ನೋಡಲಿ. ಈ ಮೂರನೆಯದ್ದೂ ಮನಸ್ಸಿನಲ್ಲಿತ್ತು, ಇಲ್ಲ ಅನ್ನುವುದಿಲ್ಲ.

ಸಿಮೆಂಟು ಆಗ ಪರ್ಮಿಟ್ಟಿನ ಮೇಲೆ ಸಿಗುತ್ತಿತ್ತು. ಜಯನಗರದ ಒಬ್ಬ ಯಜಮಾನರ ಮನೆಯಲ್ಲಿ ಕೂಲಿಗೆ ಬದಲು ಉಳಿದ ಮೂಟೆಗಳನ್ನು ಕೇಳಿ ತಗೊಂಡೆ. ದಸರಾ ರಜ ಬಂತು. ಮೇಷ್ಟ್ರನ್ನು ಕೇಳಿದಾಗ ಅವರು ಸಂತೋಷಪಟ್ಟರು, ಆಮೇಲೆ ನಿಮ್ಮ ತಾಯಿಗೆ ಹೇಳಿದ್ದೀಯಾ ಅಂದರು. ಹೇಳಿದ್ದೇನೆ ಅಂದೆ. ಹೇಳಿದ್ದೆ, ಆದರೆ ಕೇಳಿರಲಿಲ್ಲ. ನಿನಗಿನ್ನು ಆ ಕೆಲಸ ಇಲ್ಲ ಅವ್ವ, ಆರಾಮಾಗಿರು ಅಂದಿದ್ದೆ. ಅವಳು ಒಲೆ ಊದುತ್ತಿದ್ದಳು, ಊದುತ್ತಲೇ ಇದ್ದಳು.

ಮಣ್ಣಿನ ನೆಲ ಅಗೆಯುವಾಗ ಒಂದು ವಿಚಿತ್ರ ಕಂಡೆ. ಮೇಲಿನ ಹಸಿರು ಪದರ ಒಂದರ ಮೇಲೊಂದು ಕೂತು, ಹಪ್ಪಳ ಪೇರಿಸಿಟ್ಟ ಹಾಗೆ ಗಟ್ಟಿಯಾಗಿತ್ತು. ಗುದ್ದಲಿಗೆ ಬಿಲ್ಲೆ ಬಿಲ್ಲೆಯಾಗಿ ಏಳುತ್ತಿತ್ತು. ಎಷ್ಟು ವರ್ಷದ್ದೋ. ಬುಟ್ಟಿಗೆ ತುಂಬಿ ಹಿಂದಿನ ಹಳ್ಳಕ್ಕೆ ಸುರಿದೆ. ಆಮೇಲೆ ಜಲ್ಲಿ, ಸುಣ್ಣ ಹಾಕಿ ದಿಮ್ಮಸಿನಲ್ಲಿ ಬಡಿದೆ. ಅದರ ಮೇಲೆ ಕೆಂಪು. ಸುತ್ತ ಒಂದು ಗೇಣು ಕಪ್ಪು ಅಂಚು. ಯಾವ ಆಫೀಸರ ಮನೆಗೂ ಅಷ್ಟು ಶ್ರದ್ಧೆಯಿಂದ ನಾನು ಕೆಲಸ ಮಾಡಿರಲಿಲ್ಲ. ಬದು ಕಟ್ಟಿ ನೀರು ನಿಲ್ಲಿಸಿದೆ. ಏಳನೇ ದಿನ ನೀರು ಹೊರಗೆ ಬಿಟ್ಟಾಗ ನೆಲ ದಾಳಿಂಬೆ ಬಣ್ಣಕ್ಕೆ ಬಂದಿತ್ತು. ಅದು ಶನಿವಾರ. ಭಾನುವಾರ ಎಣ್ಣೆ ಹಾಕಿ ಉಜ್ಜಿಬಿಟ್ಟರೆ ಸೋಮವಾರ ಶಾಲೆ ತೆಗೆಯಬಹುದು. ಎಣ್ಣೆ, ತೆಂಗಿನ ಸಿಪ್ಪೆ ಹೊಂದಿಸಿಕೊಂಡು ಬರಲು ಜಯನಗರಕ್ಕೆ ಹೋದೆ.

ತಿರುಗಿ ಬಂದಾಗ ಬಿಸಿಲಿನ್ನೂ ಇತ್ತು. ಶಾಲೆಯ ಬಾಗಿಲು ತೆರೆದಿತ್ತು. ಅಂಗಳದಲ್ಲಿ ಮೇಷ್ಟ್ರು ಸೈಕಲ್ ಹಿಡಿದು ನಿಂತಿದ್ದರು. ನೆಲ ನೋಡಲು ಬಂದಿದ್ದರು. ಬಾವಿಗೆ ಹೊರಟಿದ್ದ ಇಬ್ಬರು ಹೆಂಗಸರು ಬಿಂದಿಗೆ ಹಿಡಿದು ನಿಂತು ನೋಡುತ್ತಿದ್ದರು. ಹೊಸ್ತಿಲಿನಲ್ಲಿ ಅವ್ವ, ಮಂಡಿ ಮೇಲೆ, ಬೆನ್ನು ನಮ್ಮ ಕಡೆ. ಕೈ ಅರ್ಧ ಚಂದ್ರ ತಿರುಗುತ್ತಿತ್ತು.

ಒಳಗಿನ ಮೂಲೆಯಿಂದ ಬಾಗಿಲ ತನಕ, ಕೆಂಪು ಒಂದು ಅಂಗೈಯಗಲವೂ ಉಳಿಯದ ಹಾಗೆ ಸಾರಿಸಿದ್ದಳು.

ನಾನು ಏನು ಮಾಡಿದೆ ಅಂತ ನನಗೆ ಗೊತ್ತು. ಮೊದಲು ಬುಟ್ಟಿಯನ್ನು ಕಾಲಲ್ಲಿ ಒದ್ದೆ. ಬಾವಿಯಿಂದ ನೀರು ತಂದು ತಂದು ಸುರಿದೆ. ಸಗಣಿ ಹೋಯಿತು, ಕಲೆ ಹೋಗಲಿಲ್ಲ. ಕೆಂಪಿನ ಮೇಲೆ ಹಸಿರು ಗೆರೆ, ಅವಳ ಕೈ ತಿರುಗಿದ ಹಾಗೇ, ಬಳೆ ಬಳೆಯಾಗಿ ಇಳಿದುಬಿಟ್ಟಿತ್ತು. ಅವ್ವ ಎದ್ದು ನಿಂತಿದ್ದಳು. ಏನು ತಪ್ಪಾಯಿತು ಅಂತ ಅವಳಿಗೆ ತಿಳಿದಿರಲಿಲ್ಲ.

'ಸಾರಿಸ್ದೆ ಇರೋ ನೆಲದ ಮೇಲೆ ಮಕ್ಕಳ್ನ ಹೆಂಗ್ ಕೂರಿಸ್ತೀರ್ಲಾ' ಅಂದಳು. 'ರಜ ಮುಗ್ದು ಹೊಸದಾಗಿ ಬರೋ ಮಕ್ಕಳು. ಬಾಗ್ಲು ತೆಗುದ್ರೆ ಸೂತಕದ ಮನೆ ಇದ್ದಂಗಿತ್ತು.'

ನಮ್ಮಲ್ಲಿ ಸಾವಾದ ಮನೆಯ ಮುಂದೆ ಮಾತ್ರ ಸಗಣಿ ಇಲ್ಲ, ರಂಗೋಲಿ ಇಲ್ಲ. ಅವಳಿಗೆ ನೆಲ ಅಂದರೆ ಅದೇ ಲೆಕ್ಕ. ಅದು ನನಗೂ ಗೊತ್ತಿದ್ದದ್ದೇ. ಆದರೆ ಬಿಂದಿಗೆ ಹಿಡಿದ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು.

'ನಿನ್ ಕೈ ಮುಟ್ಟಿದ್ದೆಲ್ಲ ಸಗಣೀನೇ' ಅಂದೆ.

ಮೇಷ್ಟ್ರು ನನ್ನ ಹೆಸರು ಹಿಡಿದು ಗದರಿದರು. ಅವ್ವ ಗದರಲಿಲ್ಲ. ಕೈ ನೋಡಿಕೊಂಡಳು. ಸೀರೆಗೆ ಒರೆಸಿಕೊಳ್ಳಲು ಹೋಗಿ, ಒರೆಸಿಕೊಳ್ಳದೆ, ಬೆರಳ ತುದಿಯಲ್ಲಿ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆದಳು. ಮೇಷ್ಟ್ರ ಕೈಗೆ ಕೊಡಲಿಲ್ಲ, ಮೈಲಿಗೆ ಆದೀತು ಅಂದುಕೊಂಡಳೋ ಏನೋ. ಜಗಲಿಯ ಮೇಲೆ ಇಟ್ಟಳು. ಒದ್ದ ಬುಟ್ಟಿಯನ್ನು ಎತ್ತಿಕೊಂಡು ಮನೆ ಕಡೆ ನಡೆದಳು.

ಮೂರು ದಿನ ನಾನು ಸಾಣೆಕಲ್ಲು ಹಿಡಿದು ಆ ನೆಲ ಉಜ್ಜಿದೆ. ಮೇಲಿನ ಪದರವನ್ನೇ ತೆಗೆದು, ಗಂಜಿಯ ಹದದ ಕೆಂಪು ಸಿಮೆಂಟನ್ನು ಮತ್ತೆ ಎಳೆಯಬೇಕಾಗಿತ್ತು. ಮಕ್ಕಳಿಗೆ ಹೊಂಗೆ ಮರದ ಕೆಳಗೆ ಪಾಠ. ಎರಡನೇ ದಿನ ಮಧ್ಯಾಹ್ನ ಮೇಷ್ಟ್ರು ಬಾಗಿಲಲ್ಲಿ ಬಂದು ಕೂತರು. ಡಬ್ಬಿಯ ಮುಚ್ಚಳದಲ್ಲಿ ಅನ್ನ ಹಾಕಿ ನನ್ನ ಕಡೆ ಸರಿಸಿದರು. ನಾನು ಮುಟ್ಟಲಿಲ್ಲ.

ನಿಮ್ಮ ತಾಯಿಗೆ ಶಾಲೆಯಿಂದ ಒಂದು ದಿನವೂ ಕೂಲಿ ಕೊಟ್ಟಿಲ್ಲ ಅಂತ ಅವರು ಹೇಳಿದರು. ಕೊಡಲು ಹೋದಾಗ ಅವ್ವ ತಗೊಳ್ಳಲಿಲ್ಲವಂತೆ. ನನ್ನ ಮಗನಿಗೆ ಅನ್ನ ಹಾಕುತ್ತೀರಿ, ಸ್ಲೇಟು ಕೊಟ್ಟಿದ್ದೀರಿ, ನನ್ನ ಹತ್ತಿರ ಇರುವುದು ಇದೊಂದೇ ಕೆಲಸ, ಇದನ್ನಾದರೂ ಮಾಡುತ್ತೇನೆ ಅಂದಿದ್ದಳಂತೆ. ನಾನು ಶಾಲೆ ಬಿಟ್ಟಮೇಲೆ ಇನ್ನು ಬೇಡಮ್ಮ ಅಂದರೂ ಕೇಳಲಿಲ್ಲವಂತೆ. ನನ್ನ ಮಗ ನಾಲ್ಕು ವರ್ಷ ಕೂತ ಜಾಗ ಅಂದಳಂತೆ. ಆಮೇಲೆ ಹನ್ನೆರಡು ವರ್ಷ ಸಾರಿಸಿದಳು.

'ನೀನು ಕೊಟ್ಟಿದ್ದು ದೊಡ್ಡದಪ್ಪಾ, ಇಲ್ಲ ಅನ್ನಲ್ಲ' ಅಂದರು ಮೇಷ್ಟ್ರು. 'ಆದ್ರೆ ಅವಳು ಕೊಡ್ತಾ ಇದ್ದಿದ್ದನ್ನ ನಿಲ್ಲಿಸಿ ಕೊಟ್ಟೆ.'

ಕೇಳಿಸಿಕೊಂಡೆ. ಕಲ್ಲು ನಿಲ್ಲಿಸಲಿಲ್ಲ. ಅರ್ಧ ಕೋಣೆ ಆಗಿತ್ತು, ಇನ್ನರ್ಧದಲ್ಲಿ ಆ ಹಸಿರು ಬಳೆಗಳು ಇನ್ನೂ ಇದ್ದವು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಅರ್ಧ ಮಾಡಿ ಬಿಟ್ಟ ಕೆಲಸ ಯಾರಾದರೂ ನೋಡಿದರೆ ಏನಂದಾರು ಅನ್ನುವ ಯೋಚನೆ ನನಗೆ. ಪೂರ್ತಿ ಉಜ್ಜಿ ತೆಗೆದೆ. ಹೊಸ ಪದರ ಮತ್ತೆ ಏಳು ದಿನ ನೀರು ಕುಡಿಯಿತು, ಆಮೇಲೆ ಎಣ್ಣೆ ಕುಡಿಯಿತು. ನನ್ನ ಆಯುಷ್ಯದಲ್ಲಿ ಅಷ್ಟು ಚೆನ್ನಾಗಿ ಬಂದ ನೆಲ ಇನ್ನೊಂದಿಲ್ಲ. ಊರಿನ ಹಿರಿಯರು ಬಂದು ಚಪ್ಪಲಿ ಬಿಟ್ಟು ಒಳಗೆ ಹೋದರು.

ಅವ್ವ ನನ್ನೊಡನೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ನಾನು ಕಾಲು ಹಿಡಿಯಬಹುದಿತ್ತು. ಎಂದಿನ ಹಾಗೆ ಎಬ್ಬಿಸುತ್ತಿದ್ದಳು, ಮುದ್ದೆ ಇಡುತ್ತಿದ್ದಳು. ಶನಿವಾರ ಮಾತ್ರ ಏನು ಮಾಡಬೇಕು ಅಂತ ಅವಳಿಗೆ ತಿಳಿಯುತ್ತಿರಲಿಲ್ಲ. ಬೆಳಗ್ಗೆ ರೂಢಿಯಂತೆ ಹೋಗಿ ಸಗಣಿ ಎತ್ತಿಕೊಂಡು ಬಂದುಬಿಡುತ್ತಿದ್ದಳು. ಆಮೇಲೆ ಅದನ್ನು ಬೆರಣಿ ತಟ್ಟಿ ನಮ್ಮ ಗೋಡೆಗೆ ಬಡಿಯುತ್ತಿದ್ದಳು. ಬೇಸಗೆ ಹೊತ್ತಿಗೆ ಗೋಡೆ ತುಂಬಿಹೋಯಿತು, ಇಬ್ಬರ ಒಲೆಗೆ ಅಷ್ಟು ಬೇಕಿರಲಿಲ್ಲ.

ಒಂದು ದಿನ ಅವಳಾಗಿ ಕೇಳಿದಳು.

'ನೆಲ ಹೆಂಗದೆ?'

'ಕನ್ನಡಿ ಇದ್ದಂಗದೆ ಅವ್ವ. ಬಾ ತೋರಿಸ್ತೀನಿ.'

'ಬ್ಯಾಡ, ಕಾಲೆಲ್ಲ ಮಣ್ಣು' ಅಂದಳು.

ಆ ಮಾತಿನಲ್ಲಿ ಕೊಂಕಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕ್ಷಮೆ ಕೇಳಲು ಅದಕ್ಕಿಂತ ಒಳ್ಳೆ ಹೊತ್ತು ಸಿಗುತ್ತಿರಲಿಲ್ಲ. ಕೆಲಸಕ್ಕೆ ಹೊತ್ತಾಯಿತು ಅಂತ ಎದ್ದು ಹೋದೆ. ಬಿಳೇಕಹಳ್ಳಿ ಕಡೆ ಒಂದು ಮನೆ ಹಿಡಿದಿದ್ದೆ, ಹೋಗಲು ದೂರ. ಕೆಲಸ ಯಾವತ್ತೂ ಇರುತ್ತದೆ, ಕೆಲಸದವನಿಗೆ ನೆಪ ಹುಡುಕಬೇಕಾಗಿಲ್ಲ.

ಮುಂದಿನ ದಸರಾ ಅವಳು ನೋಡಲಿಲ್ಲ. ಆಷಾಢದ ಗಾಳಿಗೆ ಶುರುವಾದ ಕೆಮ್ಮು ಎದೆಗೆ ಇಳಿಯಿತು. ಆಸ್ಪತ್ರೆಗೆ ಎತ್ತಿಕೊಂಡು ಹೋದೆ, ವಾಪಸ್ಸು ಎತ್ತಿಕೊಂಡು ಬಂದೆ. ಕೊನೆಯ ಎರಡು ದಿನ ಮಾತಿರಲಿಲ್ಲ. ಕೈ ಮಾತ್ರ ಚಾಪೆಯ ಮೇಲೆ ಅರ್ಧ ಚಂದ್ರ ಹೊಡೆಯುತ್ತಿತ್ತು. ನಾನು ಹಿಡಿದುಕೊಂಡರೆ ನಿಲ್ಲುತ್ತಿತ್ತು, ಬಿಟ್ಟರೆ ಶುರು. ಹಾಗಾಗಿ ಹಿಡಿಯುವುದನ್ನು ಬಿಟ್ಟೆ.

ಹೆಣ ಎತ್ತಿದ ಮೇಲೆ ಒಳಗೆ ಅದು ಮಲಗಿದ್ದ ಜಾಗ ಮಾತ್ರ ಸಾರಿಸಿ ದೀಪ ಹಚ್ಚಿಡಬೇಕು. ಮಣ್ಣು ಮಾಡಿ ಬಂದವರು ಆ ದೀಪ ನೋಡಿ ಹೋಗಬೇಕು. ಮನೆಯಲ್ಲಿ ಬೇರೆ ಹೆಂಗಸಿಲ್ಲ. ಪಕ್ಕದ ಮನೆಯ ಅಕ್ಕ ಸಾರಿಸಿದ್ದಳು. ಇವಳೇ ಅವತ್ತು ಬಿಂದಿಗೆ ಹಿಡಿದು ನಕ್ಕವಳು. ನಾನು ಒದ್ದೆ ಬಟ್ಟೆಯಲ್ಲಿ ಬಂದು ದೀಪ ನೋಡಿದೆ, ದೀಪದ ಸುತ್ತ ಬೇರೆಯವರ ಕೈಗೆರೆ ನೋಡಿದೆ. ಗೆರೆ ನೇರವಾಗಿತ್ತು, ಅರ್ಧ ಚಂದ್ರ ಇರಲಿಲ್ಲ.

ತಿಂಗಳು ಕಳೆದ ಮೇಲೆ ಒಂದು ಶನಿವಾರ ಕೆಲಸ ಬಿಟ್ಟು ಶಾಲೆಗೆ ಹೋದೆ. ಕೋಣೆಯ ನೆಲ ನನ್ನದಾಗಿದ್ದರೂ ಅಂಗಳ ಇನ್ನೂ ಮಣ್ಣಿನದ್ದೇ. ಅವ್ವ ಬಿಟ್ಟ ಮೇಲೆ ಯಾರೂ ಸಾರಿಸಿರಲಿಲ್ಲ, ಧೂಳೆದ್ದು ಕುಳಿ ಬಿದ್ದಿತ್ತು. ಅವಳ ಬುಟ್ಟಿಯಲ್ಲೇ ಸಗಣಿ ಒಯ್ದಿದ್ದೆ. ನಮ್ಮ ಕಡೆ ಗಂಡಸು ಈ ಕೆಲಸಕ್ಕೆ ಕೈ ಹಾಕುವುದಿಲ್ಲ. ಬಾವಿಯಿಂದ ನೀರು ಹೊತ್ತು ಬರುತ್ತಿದ್ದ ಪಕ್ಕದ ಮನೆ ಅಕ್ಕ ನಿಂತಳು.

'ಏನ್ ಮೇಸ್ತ್ರಿ, ಕರಣೆ ಮನೇಲಿ ಮರ್ತು ಬಂದ್ಯಾ?'

ನಾನು ಸಗಣಿ ಕಲಸುತ್ತಲೇ ಇದ್ದೆ. ಅವಳು ಬಗ್ಗಿ ನೋಡಿ, ನೀರು ಸಾಲದು ಕಣಪ್ಪಾ, ಇನ್ನೊಂದು ಬಿಂದಿಗೆ ಹುಯ್ಯಿ ಅಂದು ತನ್ನದನ್ನೇ ಇಟ್ಟು ಹೋದಳು. ಆದರೂ ಹದ ತಪ್ಪಿತು. ದಪ್ಪ ಆಯಿತು. ಭಾನುವಾರದ ಬಿಸಿಲಿಗೆ ಅಂಗಳ ಪೂರ್ತಿ ಬಿರುಕು ಬಿಟ್ಟು ಚಕ್ಕೆ ಎದ್ದಿತ್ತು. ಮುಂದಿನ ವಾರ ಮತ್ತೆ ಹೋದೆ. ತೆಳ್ಳಗಾಯಿತು, ಮಣ್ಣು ಕಂಡಿತು. ಮೂರನೇ ವಾರ ಸ್ವಲ್ಪ ನಿಂತಿತು. ಮಂಡಿ ಎಲ್ಲಿ ನೋಯುತ್ತದೆ ಅಂತ ಗೊತ್ತಾಯಿತು. ಏಳುವಾಗ ನಾನೂ ಗೋಡೆ ಹಿಡಿದೆ. ಮೇಷ್ಟ್ರು ದೂರದಿಂದ ನೋಡುತ್ತಿದ್ದರು. ಬೀಗದ ಕೈ ತಂದು, ಬೇಕಾ ಅನ್ನುವ ಹಾಗೆ ಹಿಡಿದರು. ಒಳಗೆ ಸಾರಿಸುವುದಕ್ಕೆ ಏನಿದೆ ಸಾರ್ ಅಂದೆ. ಜೇಬಿಗೆ ಹಾಕಿಕೊಂಡರು.

ವರ್ಷ ತುಂಬುವ ಮೊದಲೇ ಶಾಲೆಗೆ ಇನ್ನೊಂದು ಕೋಣೆ ಬಂತು. ಅಂಗಳಕ್ಕೂ ಕಲ್ಲು ಚಪ್ಪಡಿ ಹಾಸಬೇಕು ಅಂತ ಊರಿನವರು ಸೇರಿ ಮಾತಾಡಿಕೊಂಡರು. ಮಳೆಗಾಲದಲ್ಲಿ ಮಕ್ಕಳು ಜಾರಿ ಬೀಳುತ್ತಿದ್ದದ್ದು ನಿಜ. ಚೆನ್ನಾಗಿ ಹಾಸುವವನು ಊರಲ್ಲೇ ಇರುವಾಗ ಹೊರಗಿನಿಂದ ಯಾಕೆ ಅಂದರು.

ಅವ್ವ ಸಾರಿಸುತ್ತಿದ್ದ ಮಣ್ಣಿನಲ್ಲಿ ಉಳಿದಿದ್ದು ಅದೊಂದೇ ಅಂತ ಗೊತ್ತಿದ್ದೂ ಒಪ್ಪಿಕೊಂಡೆ. ಮಟ್ಟ ಹಿಡಿದು, ಮಳೆ ನೀರು ಹೊಂಗೆ ಮರದ ಬುಡಕ್ಕೆ ಹರಿಯುವ ಹಾಗೆ ಇಳಿಜಾರು ಕೊಟ್ಟು, ಹೊಸ್ತಿಲಿನಿಂದ ಗೇಟಿನ ತನಕ ಹಿಂದಹಿಂದಕ್ಕೆ ಸರಿದು ಹಾಸಿದೆ. ಚಪ್ಪಡಿ ಗಟ್ಟಿಯಾಗಿ ಕೂತಿವೆ, ಒಂದೂ ಅಲ್ಲಾಡುವುದಿಲ್ಲ.